ನೀಲಿ ಮೂಲೆಯ ಪಕ್ಕದ ಕುರ್ಚಿ

ಒಸಾಕಾ, ಯೋದೊ ಹೊಳೆಯ ದಂಡೆ
ನವೆಂಬರ್ ಐದು, ಬೆಳಿಗ್ಗೆ

ಹಾತ್ಸುಮಿ ಅಕ್ಕಾ,

ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ಬೇಸಿಗೆಯಿಂದ ನೀನು ಬರೆದ ಒಂದು ಕಾಗದಕ್ಕೂ ಉತ್ತರ ಕೊಟ್ಟಿಲ್ಲ. ಈಗ ಬರುತ್ತಿರುವುದೂ ನನ್ನ ಕೈಬರಹವಲ್ಲ. ಹೊಳೆ ದಂಡೆಯ ಮೇಲೆ ಓಡುತ್ತ, ನಿಲ್ಲುತ್ತ ಫೋನಿಗೆ ಹೇಳುತ್ತಿದ್ದೇನೆ, ಅದು ಅಕ್ಷರ ಮಾಡಿಕೊಳ್ಳುತ್ತಿದೆ. ನಡುನಡುವೆ ಏದುಸಿರು ಬಂದರೆ ಅದನ್ನೂ ಏನೋ ಒಂದು ಪದ ಅಂದುಕೊಂಡು ಬರೆದುಬಿಡುತ್ತದೆ, ಬಿಟ್ಟು ಓದು. 'ಯಾಕೋ ಟೆಪ್ಪೇ, ಪೆನ್ನು ಹಿಡಿಯೋಕೂ ಸೋಮಾರಿತನಾನಾ?' ಅಂತ ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಬೆರಳ ಗೆಣ್ಣುಗಳು ಊದಿಕೊಂಡಿವೆ ಅಂದುಕೋ.

ನೀನು ಕಳಿಸಿದ ಹತ್ತು ಕಾಲಿನ ಬೊಂಡಾಸ್ ಮೀನಿನ ಒಣ ಎಳೆಗಳ ಪೊಟ್ಟಣ ತಲುಪಿತು. ಪಂದ್ಯ ಹತ್ತಿರ ಬಂತು, ತೂಕ ಇಳಿಸುತ್ತಿದ್ದೇನೆ, ಅನ್ನ ನೋಡಿ ದಿನಗಳಾದವು. ಒಂದು ಎಳೆ ಬಾಯಲ್ಲಿಟ್ಟು ಚೀಪುತ್ತೇನೆ, ನಮ್ಮ ಹಾಚಿನೊಹೆ ಬಂದರಿನ ಉಪ್ಪು ನಾಲಿಗೆಗೆ ಸಿಕ್ಕ ಕೂಡಲೇ ಉಗುಳುತ್ತೇನೆ. ನಿನಗೆ ಹೊಟ್ಟೆ ಉರಿಯಬಹುದು. ನನಗೂ ಉರಿಯುತ್ತದೆ.

ಪಂದ್ಯ ಹದಿನೇಳಕ್ಕೆ. ಹೊಸಬರ ಬಾಕ್ಸಿಂಗ್ ಪಂದ್ಯಾವಳಿಯ ಈ ಭಾಗದ ಕೊನೆಯ ಸುತ್ತು. ಗೆದ್ದರೆ ಟೋಕಿಯೋ. ಇದಕ್ಕೆ ಬರಬೇಕಾಗಿದ್ದವನು ಗಾಯವಾಗಿ ಹಿಂದೆ ಸರಿದ, ಆ ಜಾಗಕ್ಕೆ ನನ್ನನ್ನು ಕರೆದರು. ಎದುರಾಳಿ ಒಗಿನೊ, ಕಾಲೇಜಿನಲ್ಲಿ ಪದಕ ಗೆದ್ದ ಹುಡುಗ. ಅವನದು ಕೆಂಪು ಮೂಲೆ, ನನ್ನದು ನೀಲಿ. ಗೆಲ್ಲಲಿ ಎಂದು ಕರೆಸಿದವನಿಗೆ ಕೆಂಪು, ಸೋಲಲಿ ಎಂದು ಕರೆಸಿದವನಿಗೆ ನೀಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮ ಜಿಮ್ಮಿನ ಯಜಮಾನ ನುಕಾಗಾ ಮಾತ್ರ ಎಲ್ಲವನ್ನೂ ಬಾಯಿಬಿಟ್ಟೇ ಹೇಳುತ್ತಾರೆ. ಮೊನ್ನೆ ಎಲ್ಲರ ಎದುರಿಗೇ ಶುರು ಮಾಡಿದರು.

'ಲೋ ಟೆಪ್ಪೇ, ಸಾಲಾಗಿ ಮೂರು ಸೋತಿದ್ದೀಯ. ಇದೂ ಹೋದ್ರೆ ಲೈಸೆನ್ಸು ನನ್ನ ಮೇಜಿನ ಮೇಲಿಟ್ಟು ಊರಿಗೆ ಹೋಗು. ಮೀನು ಹಿಡಿಯೋ ದೋಣೀಲಾದ್ರೂ ಜಾಗ ಇರುತ್ತೆ.'

'ಗೆದ್ರೆ, ಯಜಮಾನ್ರೇ?'

'ಗೆದ್ರೆ ಟೋಕಿಯೋಗೆ ನಿನ್ನ ಚೀಲ ನಾನೇ ಹೊರ್ತೀನಿ. ಮೊದಲು ಬಲಗೈ ಕೆನ್ನೆ ಪಕ್ಕ ಇಡೋದು ಕಲಿ. ಯಾವಾಗ ನೋಡಿದ್ರೂ ಬಲಗಡೇನೇ ಏಟು ತಿಂತೀಯ. ಆ ಕಡೆ ನಿದ್ದೆ ಮಾಡ್ತಿರ್ತೀಯಾ?'

ಎಲ್ಲರೂ ನಕ್ಕರು. ನಾನೂ ನಕ್ಕೆ.

ಟಿಕೆಟ್ ಮಾರುವ ಕೆಲಸವೂ ನಡೆದಿದೆ. ನಮಗೆ ಸಂಭಾವನೆಯ ಬದಲು ಟಿಕೆಟ್ ಕೊಡುತ್ತಾರೆ, ಕೈಯಾರೆ ಮಾರಿಕೊಳ್ಳಬೇಕು. ಮನೆ ಸಾಮಾನು ಸಾಗಿಸುವ ನಮ್ಮ ಕಂಪನಿಯ ಮೇಸ್ತ್ರಿ ಈ ಸಲವೂ ಕೊಂಡರು. ನಾವಿಬ್ಬರೂ ಯಾರದೋ ಫ್ರಿಜ್ಜು ಹೊತ್ತು ಮೆಟ್ಟಿಲು ಇಳಿಯುತ್ತಿದ್ದಾಗ ಅಂದರು: 'ಹೋದ ಸಲ ನಾನು ಬಿಯರ್ ತಗೊಂಡು ಬಂದು ಕೂರೋದ್ರೊಳಗೆ ನೀನು ಮಲಗಿದ್ದೆ. ಈ ಸಲ ನನ್ನ ಬಿಯರ್ ಮುಗಿಯೋವರೆಗಾದ್ರೂ ನಿಂತಿರಪ್ಪಾ.' ಆಮೇಲೆ, 'ಮೆಟ್ಟಿಲು ನೋಡ್ಕೊಂಡು ಇಳಿ, ಬಲಗಡೆ ಗೋಡೆಗೆ ತಾಗಿಸ್ತಿದ್ದೀಯ' ಅಂದರು.

ಒಂದು ತಮಾಷೆ ಹೇಳುತ್ತೇನೆ. ಪಂದ್ಯಕ್ಕೆ ಮೊದಲು ನಮಗೆಲ್ಲ ಕಣ್ಣಿನ ಪರೀಕ್ಷೆ ಮಾಡುತ್ತಾರೆ. ಗೋಡೆಯ ಮೇಲೆ ಒಡೆದ ಬಳೆಯಂಥ ಉಂಗುರಗಳ ಪಟ, ಒಡಕು ಯಾವ ಕಡೆ ಇದೆ ಎಂದು ಹೇಳಬೇಕು. ಆ ಪಟವನ್ನು ಹಿರಿಯರು ಕಿರಿಯರಿಗೆ ಬಾಯಿಪಾಠ ಮಾಡಿಸುತ್ತಾರೆ. ಮೇಲೆ, ಬಲ, ಬಲ, ಕೆಳಗೆ, ಎಡ, ಹೀಗೆ ಮಗ್ಗಿ ಒಪ್ಪಿಸಿದ ಹಾಗೆ. ನಮ್ಮ ಜಿಮ್ಮಿನ ಹುಡುಗನೊಬ್ಬ ಹಾಗೆ ಕಲಿತು ಹೋಗಿದ್ದ. ನರ್ಸಮ್ಮ ಕೋಲನ್ನು ಉಂಗುರದ ಮೇಲೆ ಇಡುವ ಮೊದಲೇ 'ಕೆಳಗೆ' ಅಂದುಬಿಟ್ಟ. ಆಕೆ ಕೋಲನ್ನು ಗಾಳಿಯಲ್ಲೇ ಹಿಡಿದು, 'ಅಷ್ಟೊಂದು ಅವಸರ ಯಾಕಪ್ಪಾ, ರೈಲಿಗೆ ಹೊತ್ತಾಯ್ತಾ?' ಅಂದಳಂತೆ. ಹಿಂದೆ ಸಾಲು ಉದ್ದವಿತ್ತು. ನಕ್ಕು ಮುದ್ರೆ ಒತ್ತಿ ಕಳಿಸಿದಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. 'ನಾನು ಪಂದ್ಯಕ್ಕೆ ಬರಲಾ?' ಎಂದು ಪ್ರತಿ ಕಾಗದದಲ್ಲೂ ಕೇಳಿದ್ದೀಯ. ಇಷ್ಟು ವರ್ಷ ಬೇಡ ಬೇಡ ಎಂದೆ. ಸೋಲುವುದನ್ನು ನೀನು ನೋಡಬಾರದು ಅನ್ನಿಸುತ್ತಿತ್ತು. ಈ ಸಲ ಬಾ ಅಕ್ಕಾ. ನೀನು ಕೂಗುವ ಮೀನಿನ ಹರಾಜಿಗೆ ಒಂದು ದಿನ ರಜೆ ಹಾಕಿ ಬಾ. ಒಂದು ಟಿಕೆಟ್ ಯಾರಿಗೂ ಮಾರದೆ ಇಟ್ಟು ನಿನಗೆ ಅಂಚೆಯಲ್ಲಿ ಕಳಿಸಿದ್ದೇನೆ. ನೀಲಿ ಮೂಲೆಯ ಪಕ್ಕ, ಮೊದಲ ಸಾಲಿನ ಕುರ್ಚಿ. ಬೇರೆ ಯಾರಾದರೂ 'ಇಲ್ಲಿ ಕೂತ್ಕೊಳ್ಳಿ' ಅಂದರೆ ಏಳಬೇಡ. ಆ ಕುರ್ಚಿಯಲ್ಲೇ ಕೂರಬೇಕು.

ಇಲ್ಲಿನ ಜನ ಗಲಾಟೆ ಮಾಡುವುದಿಲ್ಲ. ಸುತ್ತು ನಡೆಯುತ್ತಿರುವಾಗ ನಮ್ಮ ಬೂಟಿನ ಕಿರುಗುಟ್ಟುವಿಕೆ ಕೂಡ ಹಿಂದಿನ ಸಾಲಿಗೆ ಕೇಳುತ್ತದೆ. ಅಲ್ಲಿ ಒಬ್ಬರು ಬಾಯಿ ತೆರೆದರೆ ಪ್ರತಿ ಪದವೂ ರಿಂಗಿನೊಳಗೆ ಬಂದು ಬೀಳುತ್ತದೆ. ನಿನ್ನ ಗಂಟಲಂತೂ ಇಡೀ ಹರಾಜು ಕಟ್ಟೆಗೆ ಸಾಲುವಂಥದ್ದು.

ನೆನಪಿದೆಯಾ, ಮಾವನ ದೋಣಿಯಲ್ಲಿ ನಾನು ಒಬ್ಬನೇ ಹೋಗಿ ಮಂಜಿನಲ್ಲಿ ಸಿಕ್ಕಿಕೊಂಡಿದ್ದು? ದೀಪಸ್ತಂಭವೂ ಕಾಣುತ್ತಿರಲಿಲ್ಲ. ನೀನು ಕಟ್ಟೆಯ ತುದಿಯಲ್ಲಿ ನಿಂತು, ಹರಾಜು ಕೂಗುವ ಹಾಗೆ, 'ಎಡಕ್ಕೆ, ಇನ್ನೂ ಎಡಕ್ಕೆ, ಕಲ್ಲಿದೆ ಕಣೋ ಕತ್ತೆ' ಅಂತ ಕೂಗಿದ್ದೆ. ನನಗೆ ನೀರೂ ಕಾಣಲಿಲ್ಲ, ಕಲ್ಲೂ ಕಾಣಲಿಲ್ಲ. ನಿನ್ನ ಕೂಗಿನ ಕಡೆ ಹುಟ್ಟು ಹಾಕಿದೆ, ದಡ ಬಂತು. ದಡಕ್ಕೆ ಬಂದ ಮೇಲೆ ನೀನು ನನ್ನ ಕೆನ್ನೆಗೆ ಬಾರಿಸಿದೆ. ನನ್ನ ಮೊದಲ ನಾಕೌಟ್ ಅದು.

ಊರೆಲ್ಲ ಬೇಡ ಅಂದಾಗ ಒಸಾಕಾಗೆ ಹೊರಡು ಅಂದವಳೂ ನೀನೇ. 'ಇಲ್ಲೇ ಇದ್ರೆ ನೀನು ಯಾರಿಗೋ ಹೊಡೆದು ಜೈಲಿಗೆ ಹೋಗ್ತೀಯ, ಅಲ್ಲಾದ್ರೆ ಹೊಡೆದ್ರೆ ಚಪ್ಪಾಳೆ ತಟ್ತಾರೆ' ಅಂದಿದ್ದೆ. ನನ್ನ ಪೋಸ್ಟರನ್ನು ಹರಾಜು ಕಟ್ಟೆಯ ಕಂಬಕ್ಕೆ ಅಂಟಿಸಿದ್ದೀಯಂತೆ. ಮಳೆ ಗಾಳಿಗೆ ಇನ್ನೂ ಇದೆಯಾ? ನನಗೆ ಈ ಕೆಲಸ ಬಿಟ್ಟು ಬೇರೆ ಏನೂ ಬರುವುದಿಲ್ಲ ಅಕ್ಕಾ. ಫ್ರಿಜ್ಜು ಹೊರುವುದನ್ನು ಕೆಲಸ ಅನ್ನಬಹುದು, ಆದರೆ ಅದನ್ನು ಹೊರುವವನು ಯಾರು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಗಂಟೆ ಬಾರಿಸುವ ಮುಂಚೆ ನನ್ನ ಹೆಸರು, ನಮ್ಮ ಊರಿನ ಹೆಸರು ಮೈಕಿನಲ್ಲಿ ಕೂಗುತ್ತಾರೆ. ಅದಿಲ್ಲದೆ ಹೇಗಿರುವುದೋ ಗೊತ್ತಿಲ್ಲ.

ಬಿಸಿಲು ಬಂತು, ಕೆಲಸಕ್ಕೆ ಓಡಬೇಕು. ಚಳಿ ನಿನ್ನ ಗಂಟಲನ್ನು ಮುಟ್ಟದಿರಲಿ, ಕಟ್ಟೆಯ ಮೇಲೆ ಎಂದೂ ನಿನ್ನ ಕಾಲು ಜಾರದಿರಲಿ. ಅಮ್ಮನ ಫೋಟೋ ಮುಂದೆ ನನ್ನ ಹೆಸರಲ್ಲೂ ಒಂದು ಊದುಬತ್ತಿ ಹಚ್ಚು. ತಲೆ ಮೇಲೆ ಕೈಯಿಟ್ಟು ಹರಸು.

ನಿನ್ನ ಕತ್ತೆ,
ಟೆಪ್ಪೇ

ಇನ್ನೊಂದು ಮಾತು: ಇದನ್ನು ಮರೆತಿರಲಿಲ್ಲ. ಬಾಯಿಗೆ ಬರಲಿಲ್ಲ, ದಂಡೆಯ ಈ ತುದಿಯಿಂದ ಆ ತುದಿಗೆ ಓಡಿ ಬಂದೆ.

ಉಂಗುರಗಳನ್ನು ಬಾಯಿಪಾಠ ಮಾಡಿದ ಹುಡುಗ ನಾನೇ. ಬಕೆಟ್ಟಿನಲ್ಲಿ ಬೊಂಡಾಸ್ ಮಸಿ ಉಗುಳಿದಾಗ ನೀರು ಒಂದು ಕಡೆಯಿಂದ ಕಪ್ಪಾಗುತ್ತ ಬರುತ್ತದಲ್ಲ, ಬೇಸಿಗೆಯಿಂದ ನನ್ನ ಬಲಗಣ್ಣು ಹಾಗಾಗಿದೆ. ಬರೆಯಲು ಕೂತರೆ ಸಾಲು ಸಿಗುವುದಿಲ್ಲ. ಗುಟ್ಟಾಗಿ ಒಬ್ಬ ಕಣ್ಣಿನ ಡಾಕ್ಟರಿಗೆ ತೋರಿಸಿದೆ. 'ಕಣ್ಣಿನ ಹಿಂದಿನ ಪರದೆ ಕಿತ್ತು ಬರ್ತಾ ಇದೆ. ಈ ವಾರವೇ ಆಪರೇಷನ್ ಮಾಡಿಸ್ಕೊಳ್ಳಿ. ಇನ್ನೊಂದು ಏಟು ಬಿದ್ರೆ ಆ ಕಣ್ಣು ಉಳಿಸೋದು ನನ್ನ ಕೈಲೂ ಆಗಲ್ಲ' ಅಂದರು. 'ಆಮೇಲೆ ಆಡಬಹುದಾ?' ಅಂತ ಕೇಳಿದೆ. 'ಏನು ಆಡ್ತೀರಿ?' ಅಂದರು. ಪಿಂಗ್‌ಪಾಂಗ್ ಅಂದೆ. ನನ್ನ ಮುರಿದ ಮೂಗು ನೋಡಿದರು, ನಗಲಿಲ್ಲ.

ಒಗಿನೊ ಗೆಲ್ಲುವುದೆಲ್ಲ ಎಡಗೈಯಿಂದ. ಅದು ಬರುವುದು ನನ್ನ ಬಲಗಡೆಯಿಂದ. ಅವನ ಎಡ ಭುಜ ಎದ್ದಾಗಲೆಲ್ಲ ನೀನು 'ಬಲ' ಅಂತ ಕೂಗಬೇಕು. ಅದಕ್ಕೇ ಆ ಕುರ್ಚಿ.

ಕೂಗಲು ಮನಸ್ಸು ಬರದಿದ್ದರೆ ಕೂಗಬೇಡ. ಮೊದಲ ಸುತ್ತು ಮುಗಿಯುವವರೆಗೂ ಕಿವಿಗೊಟ್ಟಿರುತ್ತೇನೆ. ನಿನ್ನ ಧ್ವನಿ ಬರದಿದ್ದರೆ ಎರಡನೇ ಸುತ್ತಿನ ಗಂಟೆ ಬಾರಿಸಿದ ಕೂಡಲೇ ಮಂಡಿ ಊರಿ, ರೆಫರಿ ಹತ್ತು ಎಣಿಸುವವರೆಗೂ ಏಳುವುದಿಲ್ಲ. ನಿನ್ನ ಜೊತೆ ಊರಿನ ರೈಲು ಹತ್ತುತ್ತೇನೆ. ನಾನಾಗಿ ನಿಲ್ಲಿಸಲು ನೋಡಿದೆ, ಆಗುತ್ತಿಲ್ಲ. ಹೊರಡು ಅನ್ನಲು ಅಂದು ನೀನೊಬ್ಬಳೇ ಇದ್ದೆ. ಸಾಕು ಅನ್ನಲೂ ನನಗೆ ಬೇರೆ ಯಾರೂ ಇಲ್ಲ.