ನಿಮ್ಮ ಬೀರುವಿನಲ್ಲಿರುವ ನಮ್ಮಪ್ಪನ ರುಜು

ವಿದೇಶ ವ್ಯಾಸಂಗದ ವಿದ್ಯಾರ್ಥಿವೇತನ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ತಂದೆಯ ಅಂತ್ಯಕ್ರಿಯೆಗೆ ಹೋಗಲು ನೀವು ದಯಪಾಲಿಸಿದ ಅನುಮತಿ, ಅವರನ್ನು ಮಣ್ಣು ಮಾಡಿದ ನಲವತ್ತೊಂದನೆಯ ದಿನ ನನಗೆ ತಲುಪಿತು. ಪತ್ರದಲ್ಲಿ ಹುಡುಕಿದರೂ ಒಂದು ತಪ್ಪಿಲ್ಲ. ಕಡತದ ಸಂಖ್ಯೆ ಇದೆ, ಮೊಹರು ಇದೆ, ‘ಮೃತರ ಅಂತ್ಯಕ್ರಿಯೆಯಲ್ಲಿ ಭಾಗವಹಿಸಲು ಏಳು ದಿನಗಳ ಮಟ್ಟಿಗೆ ಅನುಮತಿಸಲಾಗಿದೆ’ ಎಂಬ ಸಾಲೂ ಇದೆ. ಯಾವ ಅಂತ್ಯಕ್ರಿಯೆ, ಸ್ವಾಮಿ? ಅಷ್ಟು ಹೊತ್ತಿಗೆ ನಮ್ಮ ತೋಟದಲ್ಲಿ ಅವರನ್ನು ಮುಚ್ಚಿದ ಮಣ್ಣಿನ ಗುಡ್ಡೆಯ ಮೇಲೆ ಹುಲ್ಲು ಚಿಗುರಿತ್ತು.

ನಾನು ಬೇಲೂರು ತಾಲ್ಲೂಕಿನ ಮಾದಿಹಳ್ಳಿಯವಳು. ನಮ್ಮಪ್ಪ ತಿಮ್ಮಯ್ಯ ಭತ್ತ ಬೆಳೆದು, ಎರಡು ಹಸು ಕಟ್ಟಿ, ಇಪ್ಪತ್ತು ವರ್ಷ ದಿನಕ್ಕೆರಡು ಹೊತ್ತು ಡೈರಿಗೆ ಹಾಲು ಹಾಕಿದವರು. ಅವರ ಹಿಂದೆ ಕ್ಯಾನು ಹಿಡಿದು ಓಡಾಡಿದ್ದಕ್ಕೇ ಇರಬೇಕು, ನಾನು ಹೈನು ವಿಜ್ಞಾನ ಓದಿದೆ. ನೆದರ್ಲೆಂಡ್ಸಿನ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿತು, ನೀವು ವಿದ್ಯಾರ್ಥಿವೇತನ ಕೊಟ್ಟಿರಿ. ಆ ಉಪಕಾರವನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಅದಕ್ಕೊಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು, ಅಪ್ಪ ಜಾಮೀನು ನಿಲ್ಲಬೇಕಿತ್ತು. ಅವರು ಅಲ್ಲಿಯವರೆಗೆ ಎಲ್ಲ ಕಡೆ ಹೆಬ್ಬೆಟ್ಟು ಒತ್ತಿದವರು. “ಮಗಳು ಪರದೇಶಕ್ಕೆ ಓದಕ್ಕೋಗ್ತಾಳೆ, ಅವ್ರಪ್ಪ ಹೆಬ್ಬೆಟ್ಟು ಅಂದ್ರೆ ನಗಾಡ್ತಾರೆ ಕಣವ್ವ, ರುಜು ಹಾಕೋದು ಹೇಳ್ಕೊಡು” ಎಂದರು. ಹದಿನೈದು ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಿದ್ದಿದರು. ಅರಸೀಕೆರೆಯಲ್ಲಿ ರೈಲು ಹತ್ತಿದ ಮೇಲೂ ಬೆಂಗಳೂರು ಬರುವವರೆಗೆ ತೊಡೆಯ ಮೇಲೆ ಬೆರಳಲ್ಲಿ ಬರೆಯುತ್ತಲೇ ಇದ್ದರು. ನಿಮ್ಮ ಕಚೇರಿಯ ಮೇಜಿಗೆ ಬಗ್ಗಿ ‘ತಿಮ್ಮಯ್ಯ’ ಎಂದು ಬರೆದು ಮುಗಿಸುವಾಗ ಹಣೆಯ ಮೇಲೆ ಬೆವರು. ಗುಮಾಸ್ತರು ಒಂಬತ್ತನೆಯ ಷರತ್ತನ್ನು ಗಟ್ಟಿಯಾಗಿ ಓದಿ ಹೇಳಿದರು: ಲಿಖಿತ ಅನುಮತಿ ಇಲ್ಲದೆ ವ್ಯಾಸಂಗದ ಸ್ಥಳ ಬಿಡತಕ್ಕದ್ದಲ್ಲ, ಬಿಟ್ಟಲ್ಲಿ ವಿದ್ಯಾರ್ಥಿವೇತನ ರದ್ದು. ಅಪ್ಪ ದೇವರ ಮುಂದೆ ನಿಂತವರಂತೆ ತಲೆಯಾಡಿಸಿದರು. ಆಮೇಲೆ ಅವರು ಎಲ್ಲಿಯೂ ರುಜು ಹಾಕಲಿಲ್ಲ. ಬ್ಯಾಂಕಿನವರು, ಪುಸ್ತಕದಲ್ಲಿ ಹೆಬ್ಬೆಟ್ಟಿದೆ, ಅದೇ ಇರಲಿ ಎಂದರಂತೆ.

ಷರತ್ತು ಬರೆದವರು ಅದನ್ನು ಇಷ್ಟು ನಂಬುವ ಮನುಷ್ಯ ಇರುತ್ತಾನೆಂದು ಎಣಿಸಿರಲಾರರು. ಎರಡನೆಯ ವರ್ಷ ಅಪ್ಪನ ಲಿವರು ಕೆಟ್ಟು ಹಾಸನದಲ್ಲಿ ಮಲಗಿಸಿದರು. ನನಗೆ ಯಾರೂ ಹೇಳಲಿಲ್ಲ. ಫೋನು ಮಾಡಿದಾಗಲೆಲ್ಲ “ಡೈರಿಗೆ ಹೋಗ್‌ಬತ್ತೀನಿ ಕಣವ್ವ, ಹೊತ್ತಾಯ್ತು” ಎಂದು ಬೇಗ ಇಟ್ಟುಬಿಡುತ್ತಿದ್ದರು. ಆ ಮಾತನ್ನು ಅವರು ವಾರ್ಡಿನ ಮಂಚದಿಂದ ಆಡುತ್ತಿದ್ದರೆಂದು ಆಮೇಲೆ ತಿಳಿಯಿತು. ಅಣ್ಣ ಕುಮಾರನಿಗೆ ತಾಕೀತು ಮಾಡಿದ್ದರಂತೆ: “ಅವ್ಳಿಗೆ ಹೇಳ್ಬ್ಯಾಡ ಕಣ್ಲಾ. ಓಡ್ಬಂದ್ಬುಡ್ತಾಳೆ. ನಾನು ಬರೆಯೋದು ಕಲ್ತು ರುಜು ಹಾಕಿವ್ನಿ, ಸುಳ್ಳಾಗ್‌ಬಾರ್ದು.” ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಊರಿನಲ್ಲೇ ಹೋದರು.

ಅಣ್ಣನ ಫೋನು ಬಂದ ಗಳಿಗೆಯಲ್ಲೇ ನಿಮಗೆ ಬರೆದೆ. ಮಣ್ಣಿಗೆ ಬರಲಾಗದೆಂದು ನನಗೂ ಗೊತ್ತಿತ್ತು. ಮೂರನೆಯ ದಿನ ಹಾಲುತುಪ್ಪ ಬಿಡುತ್ತಾರಲ್ಲ, ಮಕ್ಕಳು ತಮ್ಮ ಕೈಯಾರೆ ಗುಡ್ಡೆಯ ಮೇಲೆ ಹಾಲು ತುಪ್ಪ ಎರೆಯುತ್ತಾರಲ್ಲ, ಅದಕ್ಕಾದರೂ ತಲುಪಬಹುದಿತ್ತು. ಮರುದಿನ ನಿಮ್ಮ ಉತ್ತರ ಬಂತು: ‘ಮರಣ ಪ್ರಮಾಣಪತ್ರದೊಂದಿಗೆ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು.’ ಸತ್ತ ಮರುದಿನವೇ ಪ್ರಮಾಣಪತ್ರ ಯಾರ ಮನೆಯಲ್ಲಿರುತ್ತದೆ? ನಿಮ್ಮ ಮನೆಯಲ್ಲಿರುತ್ತದೆಯೇ?

ಮೂರನೆಯ ದಿನ ಬೆಳಿಗ್ಗೆ ಅಣ್ಣ ಗುಡ್ಡೆಯ ಹತ್ತಿರ ಹೋಗಲಿಲ್ಲ, ಪ್ರಮಾಣಪತ್ರಕ್ಕೆಂದು ಬೇಲೂರಿನ ಬಸ್ಸು ಹತ್ತಿದ. ಅಲ್ಲಿನ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಅವನ ಮುಖ ನೋಡಿ, “ಇವತ್ತು ಹಾಲುತುಪ್ಪ ಅಂತೀರಿ, ಇಲ್ಯಾಕೆ ನಿಂತಿದ್ದೀರಾ? ಹೋಗಿ ಬಿಟ್ಟು ಬನ್ರೀ, ಕಾಗದ ನಾನು ಮಾಡಿಟ್ಟಿರ್ತೀನಿ” ಎಂದರಂತೆ. ಪುಣ್ಯಾತ್ಮರು. ಇವನು ಹೋಗಲಿಲ್ಲ. ಒಂದು ಗಂಟೆ ತಡವಾದರೂ, ತಿಥಿಗಾದರೂ ಬರಬೇಕೆಂದಿದ್ದ ತಂಗಿಗೆ ವಿಮಾನ ತಪ್ಪೀತು ಎಂಬ ಭಯ. ಕಾಗದ ಹಿಡಿದು ಅವನು ಊರು ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಹಾಲು ಎರೆದವರು ಡೈರಿಯ ಸೆಕ್ರೆಟರಿ ಮರಿಯಣ್ಣ. ಇಬ್ಬರು ಮಕ್ಕಳಿದ್ದ ನಮ್ಮಪ್ಪನಿಗೆ, ಇಪ್ಪತ್ತು ವರ್ಷ ಅವರ ಹಾಲು ಅಳೆದುಕೊಂಡವರು ಹಾಲು ಬಿಟ್ಟರು.

ನಾನೇನು ಮಾಡುತ್ತಿದ್ದೆ? ನಮ್ಮ ಪ್ರಯೋಗಾಲಯದ ತೊಟ್ಟಿಗಳಲ್ಲಿ ಸಾವಿರಾರು ಲೀಟರು ಹಾಲಿತ್ತು, ಒಂದು ಲೋಟ ಸುರಿಯಲು ನನಗೆ ಜಾಗ ಇರಲಿಲ್ಲ. ಕಡೆಗೆ ಹಾಸ್ಟೆಲಿನ ಸೈಕಲ್ ಸ್ಟ್ಯಾಂಡಿನ ಪಕ್ಕದ ಮರದ ಬುಡಕ್ಕೆ ಸುರಿದೆ. ತುಪ್ಪ ಸಿಗದೆ ಬೆಣ್ಣೆ ಕಾಯಿಸಿಕೊಂಡಿದ್ದೆ, ಆ ಚಳಿಗೆ ಅದು ಬಟ್ಟಲಲ್ಲೇ ಹೆಪ್ಪುಗಟ್ಟಿತು. ನಮ್ಮ ಪ್ರೊಫೆಸರಮ್ಮ “ಇನ್ನೂ ಯಾಕೆ ಇಲ್ಲಿದ್ದೀಯ, ಹೊರಡು” ಎಂದರು. ಅಣ್ಣ ಕಳಿಸಿದ ಕಾಗದ ಲಗತ್ತಿಸಿ ಅರ್ಜಿ ಹಾಕಿದ್ದೇನೆ, ನಮ್ಮ ಸರ್ಕಾರದ ಅನುಮತಿ ಬರಬೇಕು ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ನಾಚಿಕೆಯಾಯಿತು.

ಯಾರನ್ನೂ ಕೇಳದೆ ಹೊರಟುಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೌದು. ಟಿಕೆಟ್ಟಿನ ಪುಟ ಎಷ್ಟು ಸಲ ತೆರೆದು ಮುಚ್ಚಿದೆನೋ. ಅಪ್ಪ ಅಷ್ಟು ಕಷ್ಟಪಟ್ಟು ಹಾಕಿದ ರುಜುವನ್ನು ಅವರು ಸತ್ತ ವಾರವೇ ಸುಳ್ಳು ಮಾಡಲು ಕೈ ಬರಲಿಲ್ಲ. ಇದು ನನ್ನ ತಪ್ಪು, ಇದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ. ಆದರೆ ನಿಮ್ಮ ವೇತನದಲ್ಲಿ ಓದುವವರ ವಾಟ್ಸಾಪ್ ಗುಂಪೊಂದಿದೆ. ಅಲ್ಲಿ ನಾನು ಇದನ್ನು ಬರೆದ ದಿನ, ಮೂವರು ತಮ್ಮ ಮನೆಗಳಿಗೆ ಫೋನು ಮಾಡಿ ನಿಜ ಹೇಳಿ ಎಂದು ಅಂಗಲಾಚಿದರು. ಒಬ್ಬನ ತಾಯಿಗೆ ಎರಡು ತಿಂಗಳಿಂದ ಡಯಾಲಿಸಿಸ್ ನಡೆಯುತ್ತಿತ್ತು.

ಒಂಬತ್ತನೆಯ ಷರತ್ತನ್ನು ತಿದ್ದಿ. ತಂದೆ ತಾಯಿ ಸತ್ತರೆ, ಸಾಯುವಂತಿದ್ದರೆ, ವಿದ್ಯಾರ್ಥಿ ಒಂದು ಸಾಲು ಬರೆದು ಹೊರಡಲಿ, ಕಾಗದ ಆಮೇಲೆ ಕೊಡಲಿ. ಸುಳ್ಳು ಹೇಳಿ ಬರುವವರು ಒಬ್ಬಿಬ್ಬರು ಇರಬಹುದು. ಇರಲಿ ಬಿಡಿ, ಅಷ್ಟಕ್ಕೆ ಸರ್ಕಾರ ಮುಳುಗುವುದಿಲ್ಲ.

ಇನ್ನೊಂದು ಕೋರಿಕೆ ಇದೆ. ನನ್ನ ವ್ಯಾಸಂಗ ಮುಗಿದಿದೆ, ಊರಿಗೆ ಬಂದಿದ್ದೇನೆ. ಆ ಮುಚ್ಚಳಿಕೆ ಈಗ ನಿಮಗೆ ಬೇಡದ ಕಾಗದ. ಅದರ ಮೂಲ ಪ್ರತಿಯನ್ನು ನಮಗೆ ಕೊಟ್ಟುಬಿಡಿ. ಅಪ್ಪ ತಿದ್ದಿದ ಕ್ಯಾಲೆಂಡರಿನ ಹಾಳೆಗಳನ್ನು ಅವ್ವ ಆಗಲೇ ನೀರೊಲೆಗೆ ಹಾಕಿಬಿಟ್ಟಿದ್ದಳು, ಈಗ ಒಲೆಯ ಮುಂದೆ ಕೂತಾಗಲೆಲ್ಲ ಅದನ್ನೇ ನೆನೆದು ಅಳುತ್ತಾಳೆ. ಅಪ್ಪನ ಕೈಬರಹ ಅಂತ ಭೂಮಿಯ ಮೇಲೆ ಉಳಿದಿರುವುದು ನಿಮ್ಮ ಬೀರುವಿನಲ್ಲಿರುವ ಆ ಒಂದೇ ಹೆಸರು. ನಿಗದಿತ ನಮೂನೆಯಲ್ಲೇ ಅರ್ಜಿ ಹಾಕಿದ್ದೇನೆ, ಮರಣ ಪ್ರಮಾಣಪತ್ರವನ್ನೂ ಲಗತ್ತಿಸಿದ್ದೇನೆ. ‘ಕಾರಣ’ ಎಂಬ ಕಡೆ ಏನು ಬರೆಯಬೇಕೋ ತೋಚದೆ, ಅವ್ವ ಹೇಳಿದ್ದನ್ನೇ ಬರೆದೆ: “ನಿಮ್ಮಪ್ಪ ಹೆಂಗ್ ಬರ್ದಿದ್ರು ಅಂತ ಒಂದ್ಸಲ ನೋಡ್ಬೇಕು.”

ಇಂತಿ,
ಏಳು ದಿನಗಳ ಅನುಮತಿಯನ್ನು ಇನ್ನೂ ಬಳಸದೆ ಇಟ್ಟುಕೊಂಡಿರುವ,
ತಿಮ್ಮಯ್ಯನ ಮಗಳು ಹೇಮಾಶ್ರೀ
ಮಾದಿಹಳ್ಳಿ