ನೀಲಿ ನೀರಿನೊಳಗಿನ ತತ್ತಿಗಳು

ಇಳಕಲ್, ಆಗಸ್ಟ್ ೧೪, ಶುಕ್ರವಾರ

ಮೂರು ಸಲ ಬದಲಿಸಿದರೂ ನೀರು ಇನ್ನೂ ನೀಲಿಯೇ ಇದೆ.

ಎರಡು ವರ್ಷ ಕಾದ ಮೇಲೆ ಗಾಜಿನ ತೊಟ್ಟಿಯ ಮೀಸೆ ಮೀನು ಮೊನ್ನೆ ಮೊದಲ ಸಲ ತತ್ತಿ ಇಟ್ಟಿತು. ಹೆತ್ತವೇ ತಿಂದುಬಿಡುತ್ತವೆಂದು ಗಾಜಿಗೆ ಅಂಟಿದ್ದವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ಬೇರೆ ಬರಣಿಗೆ ಹಾಕಿದ್ದೆ. ಬೂಸ್ಟು ಹಿಡಿಯದಂತೆ ದಿನಕ್ಕೊಂದು ಹನಿ ನೀಲಿ ಔಷಧ ಹಾಕಲು ನವನಗರದ ಸಾಕುಮೀನಿನ ಅಂಗಡಿಯವನು ಹೇಳಿದ್ದ. ಇವತ್ತು ನಾನು ಕಥೆ ಹೇಳಲು ಹುನಗುಂದಕ್ಕೆ ಹೊರಟಾಗ, ಸೀರೆಯ ನೂಲಿಗೆ ಬಣ್ಣ ಹಾಕುವ ಹೆಂಡತಿ ಕಾಳವ್ವ ತಾನಾಗಿಯೇ ಆ ಕೆಲಸ ಕೇಳಿ ವಹಿಸಿಕೊಂಡಳು. ನಿನ್ನೆಯ ತನಕ "ಮೀನಿಗೆ ಮೀಸಿ, ನಿಮಗ ಹುಚ್ಚು" ಎನ್ನುತ್ತಿದ್ದವಳು.

ಸಂಜೆ ಬಾಗಿಲಲ್ಲೇ ಹೇಳಿದಳು: "ಬಾಟ್ಲಿ ಸಿಗಲಿಲ್ರಿ. ನೂಲಿಗೆ ಹಾಕೋ ನೀಲಿ ಬಣ್ಣಾನ ಒಂದ್ ಚಿಟಿಕಿ ಹಾಕೀನಿ. ನಮ್ಮ ಬಣ್ಣದ ಮುಂದ ಬೂಸ್ಟ್ ಏನ್ ನಿಂದ್ರತೈತಿ!"

ಬಾಟಲಿ ನನ್ನ ಜೇಬಿನಲ್ಲೇ ಹುನಗುಂದಕ್ಕೆ ಹೋಗಿ ಬಂದಿತ್ತು. ಅವಳ ಮುಖದ ಹಿಗ್ಗು ನೋಡಿ, "ಛಲೋ ಮಾಡಿದಿ" ಎಂದುಬಿಟ್ಟೆ.

ಕಥೆ ಹೇಳುವಾಗ ಏಳು ಕಡಲಾಚೆಯ ಗಿಳಿಯೊಳಗೆ ರಾಕ್ಷಸನ ಜೀವ ಬಚ್ಚಿಟ್ಟು ಸಲೀಸಾಗಿ ಕಾಯುತ್ತೇನೆ. ಈ ಸಾಸಿವೆಯಷ್ಟು ಜೀವಗಳನ್ನು ಕಾಯುವುದು ತಿಳಿಯುತ್ತಿಲ್ಲ. ಇವು ಸತ್ತರೆ ಅವಳು ಮತ್ತೆ ತೊಟ್ಟಿಯ ಹತ್ತಿರ ಸುಳಿಯುವುದಿಲ್ಲ.

ಈಗ ಮಲಗಿದಲ್ಲಿಂದಲೇ ಕೇಳಿದಳು: "ಜೀವ ಅದಾವೇನ್ರಿ?"

"ಅದಾವ. ಮಲಕೋ ನೀ."

ಬ್ಯಾಟರಿ ಹಿಡಿದು ನೋಡಿದೆ. ಒಂದು ತತ್ತಿಯ ಮೇಲೆ ಎರಡು ಕಪ್ಪು ಚುಕ್ಕೆ. ಒಳಗೆ ಕಣ್ಣು ಮೂಡಿರಬಹುದು. ಹೊರಗೆ ಅಂಟಿದ, ಕರಗದ ಬಣ್ಣದ ಕಾಳೂ ಇರಬಹುದು. ಒರೆಸಿ ನೋಡಬೇಕೆಂದು ಹೋದ ಬೆರಳು ನೀರಿನ ತನಕ ಹೋಗಿ ತಿರುಗಿ ಬಂತು.