ಹನ್ನೊಂದನೇ ರೀಲು

ಜನವರಿ ೧೨, ೧೯೬೪. ಭಾನುವಾರ

ಬೆಳಿಗ್ಗೆ ಮೆಸ್ಸಿನಲ್ಲಿ ಮತ್ತೆ ಗಂಜಿ. ಲಾಜಿಕ್ ಎರಡು ಚಾಪ್ಟರ್ ಓದಬೇಕಿತ್ತು — ಅರ್ಧ ಓದಿದೆ. ಬಟ್ಟೆ ಒಗೆದೆ. ಹನ್ನೊಂದಕ್ಕೆ ಇಂಗ್ಲಿಷ್ ಲೆಕ್ಚರರ್ ಹೇಳಿಕಳುಹಿಸಿದರು. ಏನು ತಪ್ಪು ಮಾಡಿದೆನೆಂದು ದಾರಿಯುದ್ದಕ್ಕೂ ಹುಡುಕಿದೆ. ನಾಲ್ಕು ಸಿಕ್ಕಿದವು.

ತಪ್ಪಲ್ಲ. ಪುತ್ತೂರಿನ ಚಿತ್ರಪ್ರೇಮಿ ಸಂಘ ಈ ವರ್ಷದಿಂದ ಕನ್ನಡ ಸಿನೆಮಾಗಳಿಗೆ ಪ್ರಶಸ್ತಿ ಕೊಡುತ್ತದಂತೆ. ಸರ್ಕಾರದ್ದಲ್ಲ, ಪತ್ರಿಕೆಯದ್ದಲ್ಲ — ಸ್ವತಂತ್ರ. ಮದರಾಸಿನ ಸ್ಟುಡಿಯೋಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಮೂವರು ಜ್ಯೂರಿ. ಆರು ಸಿನೆಮಾ ನೋಡಿ ಅಂಕ ಹಾಕುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಂಡು ಇಂಗ್ಲಿಷಿನಲ್ಲಿ ರಿಪೋರ್ಟ್ ಮಾಡಲು ಒಬ್ಬ ಬೇಕು. "ನಿನ್ನದು ಮಂಗಳೂರಿನ ಹಾಸ್ಟೆಲಿನಲ್ಲಿ ಓದಿ ಬಂದ ಇಂಗ್ಲಿಷ್. ಅಕ್ಷರವೂ ಚಂದ" ಎಂದರು ಸರ್.

ಅಲ್ಲೇ ಕೂತಿದ್ದ ಸಂಘದ ಸೆಕ್ರೆಟರಿ ಉದಯಶಂಕರ ವಕೀಲರು ಟೈಪ್ ಮಾಡಿದ ಕಾಗದ ಮುಂದಿಟ್ಟರು. ಸ್ಪರ್ಧೆಯಲ್ಲಿ ನನ್ನ ಸಂಬಂಧಿಕರು ಯಾರೂ ಇಲ್ಲ — ಅಷ್ಟೇ ಅದರಲ್ಲಿದ್ದದ್ದು. ಸೈನ್ ಮಾಡಿದೆ. ನಮ್ಮ ಹಾಸ್ಟೆಲ್ ಕಮಿಟಿಯಲ್ಲೂ ಇವರೇ. ನನ್ನ ಫ್ರೀ ಸೀಟು ಕೊಟ್ಟವರೂ ಇವರೇ.

ಸಂಬಂಧಿಕರು ಇದ್ದಾರೆ. ಜೊತೆಗಿದ್ದ ಸ್ಪರ್ಧೆಯ ಪಟ್ಟಿಯಲ್ಲಿ ಪೋಷಕ ನಟಿ, ಆರನೇ ಹೆಸರು: ಸುಂದರಿ, ಸುಳ್ಯ. ಅಮ್ಮ.

ಸೈನ್ ಮಾಡುವಾಗಲೇ ಗೊತ್ತಿತ್ತು. ಸಿನೆಮಾದಲ್ಲಿ ಮಾಡಿದ್ದನ್ನು ನವೆಂಬರಿನ ಕಾಗದದಲ್ಲಿ ಬರೆದಿದ್ದಳು. "ಒಂದೇ ಸೀನು ಮಗಾ. ಆದರೆ ಏಳು ನಿಮಿಷ ನಾನೊಬ್ಬಳೇ ಮಾತಾಡುದು. ಲೈಟಿನವರೂ ಅತ್ತರು. ನಾಟಕದ್ದು ಬಣ್ಣ ತೊಳೆದ ಕೂಡಲೇ ಮುಗೀತದೆ. ಇದು ಹಾಗಲ್ಲ, ನಾನು ಸತ್ತ ಮೇಲೂ ಇರ್ತದಂತೆ."

ಹದಿನೈದು ವರ್ಷದಿಂದ ನಾಟಕ ಕಂಪೆನಿಯಲ್ಲಿದ್ದಾಳೆ. ನನ್ನ ಹಾಸ್ಟೆಲ್ ಅರ್ಜಿಯಲ್ಲಿ ಮಾತ್ರ ತಾಯಿಯ ಕಸುಬು ಹೊಲಿಗೆ. ಬರೆಸಿದ್ದು ಅವಳೇ. "ನಾಟಕ ಅಂತ ಬರೆದ್ರೆ ನಿನ್ನನ್ನು ಎಲ್ಲಿ ಕೂರಿಸ್ತಾರೆ? ಹೊಲಿಗೆ ಅಂತ ಬರಿ. ರವಿಕೆಗೆ ಗುಂಡಿ ಹೊಲಿಯುದುಂಟಲ್ಲ ನಾನು, ಸುಳ್ಳೆಂತ?"

ಮತ್ತೆ ಯಾಕೆ ಒಪ್ಪಿಕೊಂಡೆ? ಅವಳ ಹೆಸರು ಓದುವಾಗ ಆ ಕೋಣೆಯಲ್ಲಿ ಇರಬೇಕು ಎನಿಸಿತು... ಅಷ್ಟೆ.

ಜನವರಿ ೧೪, ಮಂಗಳವಾರ

ಜ್ಯೂರಿ ಬಂದರು. ಪದ್ಮಯ್ಯ, ಸವಣೂರಿನವರು, ಕ್ಯಾಮರಾಮನ್ — ಇವರೇ ಅಧ್ಯಕ್ಷರು. ಗೋದಾವರಿ, ಪರದೆಯ ಮೇಲಿನ ನಟಿಯರಿಗೆ ತನ್ನ ಕಂಠ ಕೊಡುವವರು. ಕುಕ್ಕಪ್ಪ, ಜಾಲ್ಸೂರಿನವರು, ಎಡಿಟರ್. ಬೆರಳ ತುದಿಗಳಲ್ಲಿ ಫಿಲ್ಮ್ ಅಂಟಿಸುವ ಗೋಂದಿನ ಕಲೆ, ತೊಳೆದರೂ ಹೋಗದ್ದು.

ಬೆಳಿಗ್ಗೆ ಹತ್ತಕ್ಕೆ ತಗಡಿನ ಟಾಕೀಸಿನಲ್ಲಿ ಶೋ. ಖಾಲಿ ಬೆಂಚುಗಳು. ಮಾಡಿನ ತೂತುಗಳಿಂದ ಪರದೆಯ ಮೇಲೂ ಬಿಸಿಲಿನ ಚುಕ್ಕಿ.

"ಓ ಅಲ್ಲಿ ನೋಡಿ" ಎಂದರು ಪದ್ಮಯ್ಯ. "ನಮ್ಮ ಹೀರೋಯಿನಿಗೆ ಮೂಗುತಿ ಬಿತ್ತು!"

ಗೋದಾವರಿ ಕಣ್ಣು ಮುಚ್ಚಿಕೊಂಡು ಸಿನೆಮಾ ನೋಡುತ್ತಾರೆ. ಒಮ್ಮೆಲೇ ನಕ್ಕರು. "ಬಾಯಿ ಅವಳದ್ದು, ಸ್ವರ ನನ್ನದು. ಇದಕ್ಕೆ ನಾನು ಅಂಕ ಹಾಕುದಿಲ್ಲ ಮಾರಾಯ್ರೆ."

"ಅರ್ಧ ಹಾಕಿ. ಬಾಯಿದ್ದು ಮಾತ್ರ" ಎಂದರು ಪದ್ಮಯ್ಯ.

ನನಗೂ ನಗು ಬಂತು. ಎಷ್ಟೋ ದಿನದ ಮೇಲೆ. ರೂಮಿಗೆ ಬಂದರೆ ಚೆನ್ನಪ್ಪ ಮಂಚದ ಮೇಲೆ ಮಲಗಿಕೊಂಡೇ ಕೇಳಿದ — "ಎಂತ ರೈಟರ್ರೇ, ಆ ಪಿಕ್ಚರಿನ ಹೆಂಗಸರೆಲ್ಲ ಹೇಗೆ? ಕರೆದ್ರೆ ಬರ್ತಾರಂತಾ?" ರೂಮ್‌ಮೇಟ್ ಅಲ್ಲವೇ, ನಗಬೇಕು. ನಕ್ಕೆ.

ಜನವರಿ ೧೬, ಗುರುವಾರ

ಅಮ್ಮನ ಸಿನೆಮಾ.

ಎರಡು ಪೆನ್ಸಿಲ್ ಕೆತ್ತಿ ಇಟ್ಟುಕೊಂಡಿದ್ದೆ. ಡಿಸೆಂಬರಿನಲ್ಲಿ ಇದೇ ಟಾಕೀಸಿನಲ್ಲಿ ಆರು ದಿನ ಓಡಿತ್ತು, ಹೋಗಿರಲಿಲ್ಲ. ಚೆನ್ನಪ್ಪನ ಪಕ್ಕ ಕೂತು ನೋಡುವ ಧೈರ್ಯ ಇರಲಿಲ್ಲ. ಸುಳ್ಯಕ್ಕೆ ಇನ್ನೂ ಬಂದಿಲ್ಲ. ಅಮ್ಮನೇ ನೋಡಿಲ್ಲ.

ಒಬ್ಬ ಲಾರಿ ಡ್ರೈವರಿನ ಕಥೆ. ಅವನ ಲಾರಿಗೆ ಸಿಕ್ಕಿ ಒಬ್ಬ ಸಾಯುತ್ತಾನೆ. ಕೋರ್ಟು ಬಿಡುತ್ತದೆ, ಮನಸ್ಸು ಬಿಡುವುದಿಲ್ಲ. ಕ್ಷಮೆ ಕೇಳಲು ಸತ್ತವನ ತಾಯಿಯನ್ನು ಹುಡುಕಿಕೊಂಡು ಗುಡ್ಡ ಹತ್ತುತ್ತಾನೆ. ಆ ತಾಯಿ — ಅಮ್ಮ.

ಗುಡಿಸಲಿನ ಬಾಗಿಲು ತಟ್ಟಿದ. ಈಗ, ಈಗ... ಪೆನ್ಸಿಲ್ ಕೆಳಗಿಟ್ಟೆ.

ಡ್ರೈವರ್ ಗುಡ್ಡ ಇಳಿದು ಬರುತ್ತಿದ್ದ. ಅಳುತ್ತಿದ್ದ.

ಅಷ್ಟೆ. ಬಾಗಿಲು ತೆರೆಯಲೇ ಇಲ್ಲ.

ಕುಕ್ಕಪ್ಪ ಎದ್ದೇ ನಿಂತುಬಿಟ್ಟರು. "ಎಂತ ಕಟ್ ಮಾರಾಯ್ರೆ! ನೋಡಿದಿರಾ? ನಾನಾದ್ರೆ ಅಲ್ಲೊಂದು ಮುದುಕಿಯನ್ನು ತಂದು ಅಳಿಸ್ತಿದ್ದೆ. ಇವ ತೋರಿಸ್ಲೇ ಇಲ್ಲ. ಎಡಿಟಿಂಗ್ ಅಂದ್ರೆ ಇದು!"

ಕೊನೆಯವರೆಗೂ ಕಾದೆ. ಬೇರೆಲ್ಲಾದರೂ ಬರುತ್ತಾಳೋ ಎಂದು. ಬರಲಿಲ್ಲ.

ಜನವರಿ ೧೭, ಶುಕ್ರವಾರ

ಅಂಕ ಹಾಕುವ ದಿನ. ಹೆಸರು ಓದುವವನು ನಾನು.

"ಪೋಷಕ ನಟಿ. ಆರನೆಯದು — ಸುಂದರಿ." ಉಳಿದ ಐದರ ಹಾಗೆಯೇ ಓದಿದೆ.

"ಇವರು ಯಾರು? ನಾನು ಕಾಣಲಿಲ್ಲವಲ್ಲ" ಎಂದರು ಗೋದಾವರಿ.

"ಪಟ್ಟಿಯಲ್ಲಿ ಉಂಟು, ಪಿಕ್ಚರಿನಲ್ಲಿ ಇಲ್ಲ" ಎಂದರು ಪದ್ಮಯ್ಯ. "ಮದರಾಸಿನಲ್ಲಿ ದಿನಾ ಆಗುದೇ ಇದು. ಶೂಟಿಂಗ್ ಮಾಡುದು, ಆಮೇಲೆ ಕತ್ತರಿಸುದು. ಪಾಪ, ಅವರಿಗೆ ತಿಳಿಸುವವರೂ ಇಲ್ಲ."

"ಅಂಕ ಎಷ್ಟು ಬರೆಯಲಿ ಸರ್?"

"ಕಾಣದವರಿಗೆ ಎಂತ ಅಂಕ? ಕಂಡಿಲ್ಲ ಅಂತ ಬರಿ."

ಬರೆದೆ. ಕಂಡಿಲ್ಲ. ನನ್ನ ಚಂದದ ಅಕ್ಷರದಲ್ಲಿ.

ಏಳು ನಿಮಿಷ ಎಂದಿದ್ದಳು. ಲೈಟಿನವರೂ ಅತ್ತರು ಎಂದಿದ್ದಳು. ಯಾರೋ ಅವಳಿಗೆ ಆಸೆ ತೋರಿಸಿ ಮೋಸ ಮಾಡಿದರೋ, ಅವಳೇ ನನ್ನೆದುರು ದೊಡ್ಡದು ಮಾಡಿ ಹೇಳಿದಳೋ. ಸಿಟ್ಟು ಬಂತು — ಅವಳ ಮೇಲೆ. ಅವಳ ಮೇಲೆ ಯಾಕೆ?



ಜನವರಿ ೧೮, ಶನಿವಾರ

ರಿಪೋರ್ಟಿನಲ್ಲಿ ಪ್ರತಿ ಸಿನೆಮಾ ಎಷ್ಟು ರೀಲು ಎಂದು ಬರೆಯಬೇಕು. ಕೇಳಲು ಟಾಕೀಸಿನ ಮೆಶಿನ್ ರೂಮಿಗೆ ಹೋದೆ. ಆಪರೇಟರ್ ತ್ಯಾಂಪಣ್ಣ ಎಲೆ ಜಗಿಯುತ್ತ ಕೂತಿದ್ದ. ಅಮ್ಮನ ಸಿನೆಮಾದ ಲೆಕ್ಕ ಕೇಳಿದೆ.

"ಹದಿನೈದು ಬರಿ."

"ಡಬ್ಬಿ ಹದಿನಾರು ಉಂಟಲ್ಲ?"

"ಹನ್ನೊಂದನೇದ್ದು ಓಡಿಸ್ಲಿಕ್ಕಿಲ್ಲ. ಜಾಲ್ಸೂರು ಕಡೆಗೆ ಕೊನೇ ಬಸ್ಸು ಒಂಬತ್ತೂವರೆಗೆ. ಪಿಕ್ಚರ್ ಉದ್ದ ಆದ್ರೆ ಜನ ನಡುವಲ್ಲೇ ಎದ್ದು ಓಡ್ತಾರೆ. ಅದಕ್ಕೆ ಯಾವ ಪಿಕ್ಚರ್ ಬಂದ್ರೂ ಒಂದು ರೀಲು ಬದಿಗಿಡ್ಲಿಕ್ಕೆ ಧಣಿಗಳ ಆರ್ಡರ್. ಯಾವುದು ಅಂತ ನೋಡುದು ನಾನು. ಹಾಡು ತೆಗೆದ್ರೆ ಬೆಂಚು ಮುರೀತಾರೆ. ಫೈಟಿಂಗ್ ತೆಗೆದ್ರೆ ನನ್ನನ್ನೇ ಮುರೀತಾರೆ. ಇದರಲ್ಲಿ ಒಂದು ಹೆಂಗಸು ಬಾಗಿಲಲ್ಲಿ ನಿಂತು ಮಾತಾಡುದು, ಮಾತಾಡುದು... ತೆಗೆದೆ. ಹತ್ತರ ಬಾಲಕ್ಕೆ ಹನ್ನೆರಡರ ತಲೆ ಅಂಟಿಸಿದೆ."

"ಮೊನ್ನೆ ಜ್ಯೂರಿಗೆ?"

ಜಗಿಯುವುದು ನಿಂತಿತು.

"ಅಯ್ಯೋ. ಪ್ರಿಂಟು ಜ್ಯೂರಿಗೆ ಬೇಕು ಅಂತ ಇಲ್ಲೇ ಇಟ್ಟದ್ದು, ಡಿಸೆಂಬರಿನಲ್ಲಿ ಅಂಟಿಸಿದ್ದು ಹಾಗೇ ಉಂಟು. ಬಿಚ್ಚಿ ಸೇರಿಸ್ಲಿಕ್ಕೆ ಮರ್ತೇ ಹೋಯ್ತು ಮಾರಾಯ."

ಅಮ್ಮ ಸುಳ್ಳು ಹೇಳಿರಲಿಲ್ಲ. ಮದರಾಸಿನವರೂ ಮೋಸ ಮಾಡಿರಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ. ಅಂಕಪಟ್ಟಿಗೆ ಸೋಮವಾರ ಬೆಳಿಗ್ಗೆ ಅರಗಿನ ಸೀಲು. ನಾಳೆ ಒಂದು ದಿನ ಉಂಟು. ಹೋಗಿ ಹೇಳಬೇಕು. ಹೇಳಿದರೆ, ನಿನಗೆ ಯಾಕೆ ಇಷ್ಟು ಆಸಕ್ತಿ ಎಂದು ಕೇಳುತ್ತಾರೆ.

ಜನವರಿ ೧೯, ಭಾನುವಾರ

ಜ್ಯೂರಿ ಇಳಿದುಕೊಂಡ ಬಂಗಲೆಯ ಗೇಟಿನವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ. ಮೂರನೇ ಸಲ ಒಳಗೆ ಹೋದೆ. ಕೈಯಲ್ಲಿ ಹನ್ನೊಂದನೇ ಡಬ್ಬಿ. ತ್ಯಾಂಪಣ್ಣ ತಡೆಯಲಿಲ್ಲ, "ನನ್ನ ಲೈಸನ್ಸಿನ ಮೇಲೆ ಒಂದು ಕಣ್ಣಿರ್ಲಿ" ಎಂದ ಅಷ್ಟೆ.

ಪದ್ಮಯ್ಯ ಮತ್ತು ಗೋದಾವರಿ ಪೇಟೆಗೆ ಹೋಗಿದ್ದರು. ಕುಕ್ಕಪ್ಪ ಚಾವಡಿಯಲ್ಲಿ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಎಲ್ಲ ಹೇಳಿದೆ — ಬಸ್ಸು, ಧಣಿ, ಅಂಟಿಸಿದ್ದು. ಒಂದನ್ನು ಬಿಟ್ಟು.

ಕೈ ಒರೆಸಿಕೊಂಡು ಡಬ್ಬಿ ತೆರೆದರು. ಒಂದು ಮಾರು ಫಿಲ್ಮ್ ಎಳೆದು ಬಿಸಿಲಿಗೆ ಹಿಡಿದರು. ನಾನೂ ಬಗ್ಗಿದೆ.

ಅಮ್ಮ. ಉಗುರಿನಷ್ಟು ದೊಡ್ಡ ಚೌಕಗಳಲ್ಲಿ, ಒಂದರ ಕೆಳಗೊಂದು. ತಲೆಗೆ ಬಿಳಿ ಹಚ್ಚಿದ್ದರು. ಬಾಗಿಲ ದಾರಂದ ಹಿಡಿದುಕೊಂಡಿದ್ದಳು. ಬಾಯಿ ಸ್ವಲ್ಪ ಸ್ವಲ್ಪ ತೆರೆಯುತ್ತಿತ್ತು — ಎಷ್ಟು ಚೌಕ ದಾಟಿದರೂ ಒಂದು ಮಾತೂ ಮುಗಿಯದಷ್ಟು ನಿಧಾನ.

"ಮುಖ ಒಳ್ಳೆದುಂಟು" ಎಂದರು ಕುಕ್ಕಪ್ಪ. "ಯಾರಿದು? ಈ ಕಡೆಯವಳಲ್ವಾ? ನಿಂಗೆ ಗುರ್ತ ಉಂಟಾ?"

"ಇಲ್ಲ ಸರ್."

ಯೋಚಿಸುವ ಮೊದಲೇ ಬಾಯಿಂದ ಬಿತ್ತು. ಒಂಬತ್ತು ವರ್ಷ ಹಾಸ್ಟೆಲಿನಲ್ಲಿ ಚೆನ್ನಾಗಿ ಕಲಿತ ಪಾಠ ಅದೊಂದೇ.

ಅವರು ಫಿಲ್ಮನ್ನು ನಿಧಾನವಾಗಿ ಸುತ್ತಿದರು. "ನೋಡು ತಮ್ಮಾ. ಇಪ್ಪತ್ತು ವರ್ಷ ಕತ್ತರಿ ಹಿಡಿದವ ನಾನು. ಆ ಕಟ್ ನೋಡಿ ಎದ್ದು ನಿಂತವ. ಈಗ ಹೋಗಿ, ಅದು ಟಾಕೀಸಿನವ ಜಾಲ್ಸೂರಿನ ಬಸ್ಸಿಗೆ ಬೇಕಾಗಿ ಮಾಡಿದ್ದು ಅಂತ ಹೇಳುದಾ? ನನ್ನೂರಿನದ್ದೇ ಬಸ್ಸು! ಪದ್ಮಯ್ಯ ಮದರಾಸು ತುಂಬ ಹೇಳಿಕೊಂಡು ನಗ್ತಾನೆ." ಮುಚ್ಚಳ ಹಾಕಿದರು. "ಅದು ಬಿಡು. ಈ ಹೆಂಗಸು ಇಲ್ಲದೆಯೇ ಪಿಕ್ಚರ್ ಚಂದ. ಎಡಿಟರ್ ಆಗಿ ಹೇಳ್ತೇನೆ, ಸುಳ್ಳಲ್ಲ."

ನಾನು ನಿಂತೇ ಇದ್ದೆ.

"ಅವಳ ಪರವಾಗಿ ಯಾರಾದ್ರೂ ಕೇಳಿಕೊಂಡು ಬಂದ್ರೆ ಬೇರೆ ಮಾತು. ಇನ್ನೊಮ್ಮೆ ಹಾಕಿ ನೋಡುವ ಅಂತ ನಾನೇ ಹೇಳ್ತೇನೆ, ನಗುವವರು ನಗಲಿ. ಬಂದಿದ್ದಾರಾ ಯಾರಾದ್ರೂ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಾಗಿಲು ತೆರೆದೇ ಇಟ್ಟಿದ್ದರು, ನನಗೋಸ್ಕರ.

"ಇಲ್ಲ ಸರ್. ಯಾರೂ ಬಂದಿಲ್ಲ."

ಜನವರಿ ೨೩, ಗುರುವಾರ

ಮೂರು ದಿನ ಬರೆಯಲಿಲ್ಲ. ಸೋಮವಾರ ಸೀಲು ಆಯಿತು. ಅರಗು ಕರಗಿಸಿದ್ದು ನಾನೇ.

ಶ್ರೇಷ್ಠ ಎಡಿಟಿಂಗ್ — ಅಮ್ಮನ ಸಿನೆಮಾಕ್ಕೆ. ಸ್ಟೇಜಿನಲ್ಲಿ ಓದುವ ಇಂಗ್ಲಿಷ್ ಸೈಟೇಷನ್, ಮೆಚ್ಚುಗೆಯ ಪತ್ರ, ನಾನೇ ಬರೆಯಬೇಕಂತೆ. ನಾಲ್ಕು ಸಲ ಬರೆದೆ. ತೆರೆಯದ ಬಾಗಿಲು, ಹೇಳದೆ ಬಿಟ್ಟ ಮಾತು, ಇಲ್ಲದಿರುವುದರ ಸೌಂದರ್ಯ... ಲೆಕ್ಚರರ್ ಓದಿ ಬೆನ್ನು ತಟ್ಟಿದರು. "ಎಕ್ಸಲೆಂಟ್. ಒಂದು ಶಬ್ದ ತೆಗೆಯುವ ಹಾಗಿಲ್ಲ."

ಅಮ್ಮನ ಕಾರ್ಡು ಬಂದಿದೆ. "೨೬ಕ್ಕೆ ಬರ್ತೇನೆ. ಪಟ್ಟಿಯಲ್ಲಿ ನನ್ನ ಹೆಸರೂ ಉಂಟು ಅಂತ ಡೈರೆಕ್ಟರು ಬರೆದಿದ್ದಾರೆ. ಹೆಂಗಸರ ಬದಿಯಲ್ಲಿ ಕೂತ್ಕೊಳ್ತೇನೆ, ನಿನ್ನ ಗುರ್ತವೇ ಇಲ್ಲದವಳ ಹಾಗೆ. ನೀನು ಹೆದರುದು ಬೇಡ."

ಬರಬೇಡ ಎಂದು ಬರೆದೆ. ಹರಿದೆ. ಯಾಕೆ ಎಂದು ಕೇಳಿದರೆ?

ಜನವರಿ ೨೬, ಭಾನುವಾರ. ಸಂಜೆ ಏಳು

ಬೆಳಿಗ್ಗೆ ಧ್ವಜ. ನಾಲ್ಕಕ್ಕೆ ಸಮಾರಂಭ.

ಅಮ್ಮ ಮೂರನೇ ಸಾಲಿನಲ್ಲಿದ್ದಳು. ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಸೀರೆ — ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಮಾತು ಕೊಟ್ಟ ಹಾಗೆಯೇ.

ಪೋಷಕ ನಟಿ ಪ್ರಶಸ್ತಿ ಬೆಂಗಳೂರಿನವರೊಬ್ಬರಿಗೆ. ಹೆಸರು ಕರೆದಾಗ ಅಮ್ಮನ ಕೈ ಮಡಿಲಿನಿಂದ ಎದ್ದಿತ್ತು. ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಚಪ್ಪಾಳೆ ತಟ್ಟಿದಳು. ಎಲ್ಲರಿಗಿಂತ ಜೋರಾಗಿ.

ಆಮೇಲೆ ನಾನು. ಮೈಕಿನ ಎದುರು ಒಂದು ಪುಟ ಇಂಗ್ಲಿಷ್. ಡೈರೆಕ್ಟರ್ ಪಕ್ಕದಲ್ಲೇ ನಿಂತಿದ್ದರು. ತೆರೆಯದ ಬಾಗಿಲಿನ ಸಾಲು ಬಂದಾಗ ಅವರ ಹುಬ್ಬು ಗಂಟಾಯಿತು. ನನ್ನನ್ನು ನೋಡಿದರು, ಕುಕ್ಕಪ್ಪನವರನ್ನು ನೋಡಿದರು. ಕುಕ್ಕಪ್ಪ ಬೆಳ್ಳಿಯ ತಟ್ಟೆಯನ್ನು ಅವರ ಕೈಗೆ ಕೊಟ್ಟೇಬಿಟ್ಟರು.

ಸ್ಟೇಜಿನ ಹಿಂದೆ ಡೈರೆಕ್ಟರ್ ಕುಕ್ಕಪ್ಪನವರಿಗೆ ಹೇಳುವುದನ್ನು ಕೇಳಿಸಿಕೊಂಡೆ.

"ಸರ್, ನಮ್ಮ ಪಿಕ್ಚರಿನಲ್ಲಿ ಆ ತಾಯಿ ಬಾಗಿಲು ತೆಗೀತಾಳೆ. ದೊಡ್ಡ ಸೀನು ಅದು."

"ನಾವು ನೋಡಿದ್ರಲ್ಲಿ ಇರ್ಲಿಲ್ಲ. ಇಲ್ಲದಿದ್ದದ್ದಕ್ಕೇ ಪ್ರಶಸ್ತಿ ಬಂದದ್ದು ನಿಮಗೆ."

ಡೈರೆಕ್ಟರ್ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. "ಹಾಗಾದರೆ ಉಳಿದ ಪ್ರಿಂಟುಗಳಿಂದಲೂ ಕತ್ತರಿಸಿಬಿಡ್ತೀನಿ ಸರ್. ಸುಳ್ಯಕ್ಕೆ ಹೋಗೋ ಮೊದಲೇ."

ಅವರಿಂದ ನನಗೆ ಮೂರು ಹೆಜ್ಜೆ. ಎಣಿಸಿದೆ. ಮೂರೇ.

ಹೋಗಲಿಲ್ಲ.

ಬಸ್‌ಸ್ಟ್ಯಾಂಡಿಗೆ ಓಡಿದೆ. ಅಮ್ಮ ಸುಳ್ಯದ ಬಸ್ಸಿನ ಕಿಟಕಿಯ ಬದಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಗಾಬರಿಯಾದಳು.

"ಎಂತಕ್ಕೆ ಬಂದೆ? ನಿನ್ನ ಹಾಸ್ಟೆಲಿನವರು ನೋಡಿದ್ರೆ? ಹೋಗು, ಹೋಗು."

ನಾನು ಹೋಗಲಿಲ್ಲ. ಅವಳು ಅತ್ತಿತ್ತ ನೋಡಿ ಸ್ವರ ತಗ್ಗಿಸಿದಳು.

"ನಂಗೆ ಬರ್ಲಿಲ್ಲ ಅಂತ ಬೇಜಾರಾ? ಬಿಡು ಮಗಾ. ಬೆಂಗಳೂರಿನವಳು ಚಂದ ಮಾಡಿರ್ಬೇಕು. ಆದ್ರೆ ನಮ್ಮ ಪಿಕ್ಚರಿಗೆ ನೀನು ಓದಿದಿಯಲ್ಲ, ಅಷ್ಟುದ್ದ — ಎಷ್ಟು ಚಂದ ಓದಿದಿ! ನಂಗೆ ಒಂದು ಶಬ್ದ ಮಾತ್ರ ಗೊತ್ತಾಯ್ತು. ಡೋರ್. ಮೂರ್ನಾಲ್ಕು ಸಲ ಬಂತಲ್ಲ? ಬಾಗಿಲಲ್ಲಿ ನಿಂತವಳು ನಾನೇ ಅಲ್ವಾ... ನನ್ನ ವಿಷಯ ಎಂತ ಬರೆದಿದ್ದಾರೆ ಅವರು? ಹೇಳು. ಬೇಗ ಹೇಳು, ಬಸ್ಸು ಬಿಡ್ತದೆ."

ಕಂಡಕ್ಟರ್ ಸೀಟಿ ಊದಿದ. ಅವಳು ಕಿಟಕಿಯ ಸರಳಿಗೆ ಕಿವಿ ತಂದಳು.

ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ನಡೆದೆ. ಹೇಳಿದೆ. ಅಮ್ಮಾ, ಅದರಲ್ಲಿ ನಿನ್ನ ವಿಷಯ ಒಂದು ಶಬ್ದವೂ ಇಲ್ಲ. ನಿನ್ನನ್ನು ಕಂಡಿಲ್ಲ ಅಂತ ಬರೆದವನು ನಾನೇ.